ಉಲ್ಟಾ ಮಾಡಿದ ತಾಂಬೂಲದ ಚೀಲ

ನ್ಯೂಜೆರ್ಸಿಯ ಯಾವುದಾದರೂ ದಿನಸಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಒಂದಷ್ಟು ಹೊತ್ತು ನಿಂತು ನೋಡಿ. ನನ್ನ ವಯಸ್ಸಿನ ಗಂಡಸೊಬ್ಬ ಅಂಗಡಿಯೊಳಗಿಂದ ಬರಿಗೈಯಲ್ಲಿ ಓಡಿ ಬರುತ್ತಾನೆ, ಕಾರಿನ ಡಿಕ್ಕಿ ತೆಗೆದು ಒಂದು ಕಂತೆ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾನೆ, ಏದುಸಿರು ಬಿಡುತ್ತ ವಾಪಸ್ ಓಡುತ್ತಾನೆ. ಒಳಗೆ ಸಾಮಾನೆಲ್ಲ ಬಿಲ್ಲಾಗಿ ಗುಡ್ಡೆ ಬಿದ್ದಿರುತ್ತದೆ. ಹಿಂದೆ ನಿಂತವರು ಗಡಿಯಾರ ನೋಡುತ್ತಿರುತ್ತಾರೆ. ಹೆಂಡತಿ ಮಾತ್ರ ತನಗೂ ಈ ಮನುಷ್ಯನಿಗೂ ಸಂಬಂಧವೇ ಇಲ್ಲವೆಂಬಂತೆ ಚೂಯಿಂಗ್ ಗಮ್ಮಿನ ಸ್ಟ್ಯಾಂಡನ್ನು ನೋಡುತ್ತ ನಿಂತಿರುತ್ತಾಳೆ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರು ನಿಂತ ಮೇಲೆ ನಾನು ಮಾಡುವ ವ್ಯಾಯಾಮ ಇದೊಂದೇ.

ಮೊನ್ನೆ ಹಾಗೆ ಓಡಿ ಬಂದಾಗ ಕೈಗೆ ಸಿಕ್ಕ ಚೀಲದ ಕತೆ ಹೇಳೋಣವೆಂದು ಕೂತಿದ್ದೇನೆ. ಆದರೆ ನನಗೆ ಯಾವುದನ್ನೂ ನೇರವಾಗಿ ಹೇಳಿ ಅಭ್ಯಾಸವಿಲ್ಲ. ಸುಮಿತ್ರಾ, ಅಂದರೆ ನನ್ನ ಹೆಂಡತಿ, "ನಿಮ್ಮನ್ನ ಟೈಮ್ ಎಷ್ಟು ಅಂತ ಕೇಳಿದ್ರೆ ಗಡಿಯಾರ ಎಲ್ಲಿ ತಗೊಂಡ್ರಿ ಅಂತ ಶುರು ಮಾಡ್ತೀರಿ" ಎನ್ನುತ್ತಾಳೆ. ಇರಲಿ, ಮೊದಲು ಕವರಿನ ವಿಷಯ.

ನಾನು ಮೈಸೂರಿನಲ್ಲಿ ಹುಡುಗನಾಗಿದ್ದಾಗ ಪ್ಲಾಸ್ಟಿಕ್ ಕವರಿಗೆ ಇದ್ದ ಮರ್ಯಾದೆ ನನಗಿರಲಿಲ್ಲ. ಸೀರೆ ಅಂಗಡಿಯಿಂದ ಒಂದು ಕವರು ಮನೆಗೆ ಬಂತೆಂದರೆ ಅಮ್ಮ ಅದನ್ನು ಸೋಪು ಹಾಕಿ ತೊಳೆದು, ತಂತಿಗೆ ಕ್ಲಿಪ್ಪು ಹಾಕಿ ಒಣಗಿಸಿ, ನಾಲ್ಕು ಮಡಿಕೆ ಮಾಡಿ ಹಾಸಿಗೆಯ ಕೆಳಗೆ ಇಡುತ್ತಿದ್ದಳು. ನೆಂಟರ ಮನೆಗೆ ಹೋಗುವಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ನಿತ್ಯದ ತರಕಾರಿಗೆ ಅಪ್ಪನ ಹಳೆಯ ಖಾಕಿ ಪ್ಯಾಂಟು ಹರಿದು ಹೊಲಿದ ಚೀಲ. ಅದರ ಮೇಲೆ ಪ್ಯಾಂಟಿನ ಹಿಂದಿನ ಜೇಬು ಹಾಗೇ ಉಳಿದಿತ್ತು; ಅಮ್ಮ ಅದರಲ್ಲಿ ಚಿಲ್ಲರೆ ಹಾಕಿ ನನ್ನನ್ನು ಮಾರ್ಕೆಟ್ಟಿಗೆ ಅಟ್ಟುತ್ತಿದ್ದಳು. ಸೊಪ್ಪಿನವಳು ಎಲ್ಲರ ಎದುರಿಗೆ, "ನಿಮ್ಮಪ್ಪನ್ ಜೇಬ್ನಾಗೇ ಕೈ ಹಾಕ್ತೀಯಲ್ಲೋ ಮಗಾ" ಎಂದು ನಗುತ್ತಿದ್ದಳು. ದೊಡ್ಡವನಾದ ಮೇಲೆ ಇಂಥ ಚೀಲ ಮುಟ್ಟುವುದಿಲ್ಲವೆಂದು ನಾನು ಆಗಲೇ ತೀರ್ಮಾನಿಸಿದ್ದೆ.

ಅಮೆರಿಕಕ್ಕೆ ಬಂದೆವು ನೋಡಿ, ಸ್ವರ್ಗ. ಒಂದು ಹಾಲಿನ ಕ್ಯಾನಿಗೆ ಎರಡು ಕವರು, ಒಂದು ನಿಂಬೆಹಣ್ಣಿಗೂ ಒಂದು ಕವರು, ಅದೂ ಪುಕ್ಕಟೆ. ಸುಮಿತ್ರಾ ಒಂದನ್ನೂ ಎಸೆಯಲಿಲ್ಲ. ಮಾನ್ಮತ್ ಜಂಕ್ಷನ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಮೆಟ್ಟಿಲ ಕೆಳಗೆ, ಕವರಿನೊಳಗೆ ಕವರು ತುರುಕಿದ ದೊಡ್ಡ ಗಂಟುಗಳು ಬೆಳೆದವು. ನಮ್ಮ ಮಗಳು ಮೇಘನಾ ಮಿಡ್ಲ್ ಸ್ಕೂಲಿಗೆ ಹೋಗುವವರೆಗೂ ಇದು ನಡೆಯಿತು. ಅಲ್ಲಿ ಯಾರು ಏನು ಹೇಳಿಕೊಟ್ಟರೋ, ಒಂದು ದಿನ ಹೊಟ್ಟೆಯಲ್ಲಿ ಕವರು ತುಂಬಿಕೊಂಡ ಆಮೆಯ ಚಿತ್ರ ಬರೆದು ತಂದು ಫ್ರಿಜ್ಜಿಗೆ ಅಂಟಿಸಿದಳು.

"ಅಮ್ಮಾ, ನೋ ಮೋರ್ ಪ್ಲಾಸ್ಟಿಕ್ ಬ್ಯಾಗ್ಸ್ ಇನ್ ದಿಸ್ ಹೌಸ್."

"ಆಮೆ ಇಲ್ಲಿಗ್ಯಾಕೆ ಬರತ್ತೆ ಪುಟ್ಟಿ? ಮಾನ್ಮತ್ ಜಂಕ್ಷನ್ನಲ್ಲಿ ಸಮುದ್ರ ಎಲ್ಲಿದೆ?"

"ಅಮ್ಮಾ!"

ಅಂದಿನಿಂದ ನಮ್ಮ ಮನೆಯಲ್ಲಿ ಪೊಲೀಸ್ ರಾಜ್ಯ. ಅಂಗಡಿಯಲ್ಲಿ ಕವರು ತೆಗೆದುಕೊಂಡರೆ ಆ ಹುಡುಗಿ ಕಾರಿನಲ್ಲಿ ಮನೆಯವರೆಗೂ ಮಾತಾಡುತ್ತಿರಲಿಲ್ಲ. ಸುಮಿತ್ರಾ ಮೀನಿನಂಗಡಿಗೆ ಕದ್ದು ಹೋಗುವವರ ಹಾಗೆ ಕೋಟಿನ ಕೆಳಗೆ ಕವರು ಮುಚ್ಚಿಟ್ಟುಕೊಂಡು ಒಳಗೆ ಬರುತ್ತಿದ್ದಳು. "ಬಾತ್‌ರೂಮ್ ಕಸದ ಡಬ್ಬಿಗೆ ಇನ್ನೇನು ಹಾಕ್ಲಿ, ನಿಮ್ಮ ಪಂಚೆ ಹಾಕ್ಲಾ?" ಎಂದು ನನ್ನ ಮೇಲೆ ಹರಿಹಾಯುತ್ತಿದ್ದಳು.

ಮೇಘನಾಳ ಮದುವೆ ಗೊತ್ತಾದದ್ದೂ ರಾಜ್ಯದಲ್ಲಿ ಕವರು ನಿಷೇಧವಾದದ್ದೂ ಒಂದೇ ವರ್ಷ. ಹುಡುಗ ಸುಹಾಸ್, ಮೈಸೂರಿನವನೇ. ಓದಲು ಬಂದು ಇಲ್ಲೇ ಕೆಲಸಕ್ಕೆ ಸೇರಿದ್ದ. ಅವರಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ, ತಾರೀಕು ಗೊತ್ತು ಮಾಡಿ, ಹಾಲ್ ಬುಕ್ ಮಾಡಿ ಆಮೇಲೆ ನಮಗೆ ಹೇಳಿದರು. ಹೆಣ್ಣಿನ ತಂದೆಯಾಗಿ ನನಗೆ ಮಾಡಲು ಉಳಿದದ್ದು ತಾಂಬೂಲ ಒಂದೇ. ಅದರಲ್ಲೇ ನನ್ನ ಪ್ರತಾಪ ತೋರಿಸಬೇಕಲ್ಲ.

ನಮ್ಮ ಕಡೆ ಮದುವೆಗೆ ಬಂದವರಿಗೆ ತೆಂಗಿನಕಾಯಿ ಹಾಕಿ ಕೊಡುವ ಚೀಲದ ಮೇಲೆ ಹೆಣ್ಣು ಗಂಡಿನ ಹೆಸರು ಅಚ್ಚು ಹಾಕಿಸುವುದು ನಿಮಗೆ ಗೊತ್ತೇ ಇದೆ. ಕಾಯಿ ಚಟ್ನಿಗೆ ಹೋದ ಮೇಲೆ ಆ ಚೀಲ ಎಲ್ಲಿ ಹೋಗುತ್ತದೋ ದೇವರೇ ಬಲ್ಲ. ನಾನು ಯೋಚಿಸಿದೆ: ಊರಿಗೆ ಊರೇ ಚೀಲವಿಲ್ಲದೆ ಪರದಾಡುತ್ತಿದೆ, ಬಾಳಿಕೆ ಬರುವ ಚೀಲವನ್ನೇ ಕೊಟ್ಟರೆ? ಮೈಸೂರಿನಲ್ಲಿ ನನ್ನ ತಂಗಿ ದಪ್ಪ ಕೋರಾ ಬಟ್ಟೆ ಕೊಂಡು, ಎರಡೆರಡು ಹೊಲಿಗೆ ಹಾಕಿಸಿ, ಕುಂಕುಮದ ಬಣ್ಣದಲ್ಲಿ 'ಮೇಘನಾ – ಸುಹಾಸ್' ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಬರುವ ನೆಂಟರೆಲ್ಲರ ಸೂಟ್‌ಕೇಸಿನಲ್ಲೂ ಒಂದೊಂದು ಕಟ್ಟು ತುರುಕಿ ಕಳಿಸಿದಳು. ಮೊನ್ನೆ ಡಿಕ್ಕಿಯಲ್ಲಿ ನನ್ನ ಕೈಗೆ ಸಿಕ್ಕದ್ದು ಇಂಥದೇ ಒಂದು.

ಸುಮಿತ್ರಾ ಚೀಲವನ್ನು ಎಳೆದು ನೋಡಿದಳು. "ರೀ, ಇದ್ರಲ್ಲಿ ಅಕ್ಕಿ ಮೂಟೆ ಹೊರಬಹುದು. ತಾಂಬೂಲದ ಚೀಲ ಅಂದ್ರೆ ಒಂದು ನಾಜೂಕು ಬೇಡ್ವಾ?"

"ನಾಜೂಕು ಹರಿಯತ್ತೆ ಕಣೇ. ಇದು ಹರಿಯಲ್ಲ. ನಾಳೆ ನಮ್ಮ ಮೊಮ್ಮಕ್ಕಳೂ ಇದ್ರಲ್ಲೇ ತರಕಾರಿ ತರ್ತಾರೆ, ನೋಡ್ತಿರು."

ಸುಹಾಸ್ ಅಲ್ಲೇ ಇದ್ದ. "ಮಾವ, ನಿಜ ಹೇಳಿಬಿಡಿ, ಇದು ನಮ್ಮ ಮದುವೆನೋ ನಿಮ್ಮ ಚೀಲದ ಉದ್ಘಾಟನೆನೋ?" ಎಂದ. ಆ ಹುಡುಗ ಹಾಗೆಯೇ, ಮೊದಲ ದಿನದಿಂದಲೇ ನನ್ನ ಕಾಲೆಳೆಯಲು ಶುರು ಮಾಡಿದ. ನನಗೆ ಗಂಡುಮಕ್ಕಳಿಲ್ಲ. ಯಾರಾದರೂ ನನ್ನನ್ನು ಹೀಗೆ ಗೇಲಿ ಮಾಡಲಿ ಎಂದು ನಾನು ಎಷ್ಟು ವರ್ಷದಿಂದ ಕಾಯುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.

ಚೀಲ ಗೆದ್ದಿತು. ಮದುವೆಯ ಊಟದ ರುಚಿ ಯಾರಿಗೂ ನೆನಪಿಲ್ಲ. ಚೀಲ ಮಾತ್ರ ಎಲ್ಲರ ಕೈಯಲ್ಲೂ. ಇಂಡಿಯನ್ ಅಂಗಡಿಗೆ ಹೋದರೆ ಅಲ್ಲೊಂದು ಇಲ್ಲೊಂದು ಮೇಘನಾ – ಸುಹಾಸ್. ನ್ಯೂಯಾರ್ಕ್ ಕಡೆಯ ಫ್ಲೋರಲ್ ಪಾರ್ಕಿನ ನೆಂಟರು ಹಿಲ್‌ಸೈಡ್ ಅವೆನ್ಯೂನಲ್ಲಿ ಚೀಲ ಹಿಡಿದು ನಿಂತು ಫೋಟೊ ಕಳಿಸಿದರು. ನಮ್ಮಿಂದ ಅರ್ಧ ಗಂಟೆ ದಾರಿಯ ರಾಬಿನ್ಸ್‌ವಿಲ್‌ನಲ್ಲಿ ಮನೆ ಮಾಡಿದ್ದ ಮಗಳು ಅಳಿಯನಿಗೆ ಅದೇ ಒಂದು ಆಟವಾಯಿತು. ಎಲ್ಲಿ ಚೀಲ ಕಂಡರೂ ಸುಹಾಸ್ ನನಗೆ ಮೆಸೇಜ್ ಮಾಡುತ್ತಿದ್ದ: "ಮಾವ, ಇನ್ನೊಂದು ಸಿಕ್ತು. ನಿಮ್ಮ ಕಂಪನಿ ಚೆನ್ನಾಗಿ ನಡೀತಿದೆ." ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಮದುವೆಯಾದ ಮೂರನೆಯ ಚಳಿಗಾಲ, ಒಂದು ಬೆಳಿಗ್ಗೆ ಸುಹಾಸ್ ಹಿಮ ತೆಗೆಯಲೆಂದು ಡ್ರೈವ್‌ವೇಗೆ ಇಳಿದ. ಮೇಘನಾ ಒಳಗೆ ಕಾಫಿ ಮಾಡುತ್ತಿದ್ದಳು. ಸಲಿಕೆಯ ಸದ್ದು ನಿಂತಿತು, ಮುಗಿಸಿ ಬರುತ್ತಿದ್ದಾನೆ ಎಂದುಕೊಂಡು ಕಾಫಿ ಬಸಿದಳು. ಅವನು ಬರಲಿಲ್ಲ. ಹೃದಯ ನಿಂತುಹೋಗಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಮಗಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆವು. ಸುಹಾಸನ ಅಪ್ಪ ಅಮ್ಮ ಮೈಸೂರಿನಿಂದ ಬಂದರು. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಸುತ್ತಲಿನ ಕನ್ನಡದವರೆಲ್ಲ ಸರದಿಯ ಮೇಲೆ ಊಟ ತಂದರು. ಮೇಘನಾ ಮಹಡಿಯ ಕೋಣೆ ಬಿಟ್ಟು ಇಳಿಯಲೇ ಇಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಸ್ನಾನ ಮಾಡಿ, ಒದ್ದೆ ಕೂದಲಿನಲ್ಲಿ ಮೆಟ್ಟಿಲಿಳಿದು ಬಂದಳು. ಒಂದು ತುತ್ತು ತಿನ್ನುತ್ತಾಳೆ ಎಂದು ನನಗೆ ಜೀವ ಬಂದಂತಾಯಿತು. ಕೊನೆಯ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಬಾಗಿಲ ಪಕ್ಕದಲ್ಲಿ, ಚಪ್ಪಲಿ ಸ್ಟ್ಯಾಂಡಿನ ಉದ್ದಕ್ಕೂ ಚೀಲಗಳು. ಒಂದರಲ್ಲಿ ಸಾರಿನ ಡಬ್ಬ, ಒಂದರಲ್ಲಿ ಅನ್ನದ ಟ್ರೇ, ಒಂದರಲ್ಲಿ ಮೊಸರು. ಎಲ್ಲದರ ಮೇಲೂ ಮೇಘನಾ – ಸುಹಾಸ್, ಮೇಘನಾ – ಸುಹಾಸ್, ಮೇಘನಾ – ಸುಹಾಸ್. ತಂದವರನ್ನು ಏನನ್ನುವುದು? ಸಾರಿನ ಡಬ್ಬದ ಭಾರ ತಡೆಯುವ ಚೀಲವೆಂದು ಎಲ್ಲರ ಮನೆಯಲ್ಲೂ ಇದ್ದದ್ದು ಅದೊಂದೇ.

ಮೇಘನಾ ತಿರುಗಿ ಮಹಡಿ ಹತ್ತಿ ಬಾಗಿಲು ಹಾಕಿಕೊಂಡಳು.

ಅಡುಗೆಮನೆಯ ಬಾಗಿಲಲ್ಲಿ ಶಮೀಮ್ ನಿಂತಿದ್ದರು. ಶಮೀಮ್, ಅವರ ಗಂಡ ರಫೀಕ್, ಇಬ್ಬರೂ ಮೈಸೂರಿನವರು. ಮೇಘನಾ ಹುಟ್ಟಿದಾಗ ಆಸ್ಪತ್ರೆಗೆ ಗಂಜಿ ತಂದುಕೊಟ್ಟವರು. ಅವರು ನಡೆದದ್ದನ್ನೆಲ್ಲ ನೋಡಿದ್ದರು. ಸರಸರನೆ ಬಂದು ನೆಲಕ್ಕೆ ಕೂತು, ಡಬ್ಬಗಳನ್ನೆಲ್ಲ ಹೊರಗೆ ತೆಗೆದು, ಒಂದೊಂದೇ ಚೀಲದೊಳಗೆ ಕೈ ಹಾಕಿ ಒಳಗು ಹೊರಗು ಮಾಡಿದರು. ಹೆಸರು ಒಳಗೆ ಹೋಯಿತು, ಹೊಲಿಗೆಯ ದಾರಗಳು ಹೊರಗೆ ಬಂದವು. "ಯಾರಿಗೂ ಏನೂ ಅನ್ಬೇಡಿ ಅಣ್ಣ. ನಾನು ಎಲ್ಲರಿಗೂ ಫೋನ್ ಮಾಡ್ತೀನಿ" ಎಂದರು.

ಫೋನ್ ಮಾಡಿದರು. ಆಮೇಲೆ ನಮ್ಮೂರಿನಲ್ಲಿ ನಡೆದದ್ದನ್ನು ಬೇರೆ ಎಲ್ಲಾದರೂ ಕಂಡಿದ್ದರೆ ಹೇಳಿ. ಮುಂದಿನ ವಾರ ಅಂಗಡಿಗೆ ಹೋದರೆ ಎಲ್ಲರ ಕೈಯಲ್ಲೂ ಉಲ್ಟಾ ಚೀಲ. ಟೆಕ್ ಕಂಪನಿಯ ಡೈರೆಕ್ಟರು ಒಬ್ಬರು, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ದಾರ ನೇತಾಡುವ ಉಲ್ಟಾ ಚೀಲ ಹಿಡಿದು ಬೆಂಡೆಕಾಯಿ ಆರಿಸುತ್ತಿದ್ದರು. ಹೊಲಿಗೆಯ ಸಂದಿಯಲ್ಲಿ ಕೊತ್ತಂಬರಿ ಸಿಕ್ಕಿಕೊಂಡಿತ್ತು. ನನ್ನನ್ನು ಕಂಡು ತಲೆ ತಗ್ಗಿಸಿದರು. ಚೀಲ ಎಸೆದು ಬೇರೆ ಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಯಾರೂ ಎಸೆಯಲಿಲ್ಲ. ಹುಡುಗ ಸತ್ತನೆಂದು ಅವನ ಮದುವೆಯ ತಾಂಬೂಲವನ್ನು ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ನಾನು ಅಂಗಡಿಯ ಅಕ್ಕಿ ಮೂಟೆಗಳ ಹಿಂದೆ ಹೋಗಿ ನಿಂತು ಅತ್ತೆ.

ಆದರೂ ನನ್ನ ಜೀವಕ್ಕೆ ನೆಮ್ಮದಿಯಿಲ್ಲ. ಚೀಲ ಉಲ್ಟಾ ಆದರೆ ಏನು, ಮೇಘನಾಳಿಗೆ ಬಟ್ಟೆಯ ಗುರುತು ಸಿಗುವುದಿಲ್ಲವೇ? ಅವೆಲ್ಲ ಊರಿನಿಂದಲೇ ಮಾಯವಾಗಬೇಕು ಎನ್ನಿಸಿತು. ಒಂದು ಶನಿವಾರ ಹೊಸ ಚೀಲಗಳ ಒಂದು ಕಟ್ಟು ಕೊಂಡು, ಬದಲಾಯಿಸಿಕೊಂಡು ಬರೋಣವೆಂದು ಹೊರಟೆ. ಮೊದಲು ಹೋದದ್ದು ರಫೀಕ್ ಮನೆಗೆ. ರಫೀಕ್ ಸೋಫಾದಿಂದ ಏಳಲೇ ಇಲ್ಲ.

"ಏನ್ ಮೂರ್ತಿ, ತಲೆ ಕೆಟ್ಟಿದೆಯೇನ್ರಿ? ಕೊಟ್ಟ ತಾಂಬೂಲ ಯಾರಾದ್ರೂ ವಾಪಸ್ ತಗೊಳ್ತಾರಾ?"

"ಮಗು ನೋಡಿದ್ರೆ ತಡ್ಕೊಳಲ್ಲ ರಫೀಕ್."

"ಅವಳು ಹೊರಗೇ ಬರಲ್ವಲ್ರಿ. ಅದಕ್ಕೆ ಮೊದ್ಲು ಏನಾದ್ರೂ ಮಾಡಿ."

ಅದು ನಿಜ. ಮೇಘನಾ ಹೊರಗೆ ಬರುತ್ತಿರಲಿಲ್ಲ. ಕೋಣೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದಳು, ಕರೆದರೆ ಊಟಕ್ಕೆ ಇಳಿಯುತ್ತಿದ್ದಳು, ಕೇಳಿದ್ದಕ್ಕೆ 'ಐ ಆಮ್ ಫೈನ್' ಎನ್ನುತ್ತಿದ್ದಳು. ಸುಹಾಸನ ಹೆಸರನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ಹಾಗಾಗಿ ನಾವೂ ಎತ್ತಲಿಲ್ಲ. ಮಾತು ಆ ಕಡೆ ತಿರುಗುವ ಹಾಗೆ ಕಂಡರೆ ಸುಮಿತ್ರಾ ಮಜ್ಜಿಗೆ ತರಲು ಎದ್ದುಬಿಡುತ್ತಿದ್ದಳು, ನಾನು ಟಿವಿ ಹಾಕುತ್ತಿದ್ದೆ. ಗೋಡೆಯ ಮೇಲಿನ ಮದುವೆಯ ಫೋಟೊವನ್ನು ನಾನೇ ಇಳಿಸಿ ಬೀರುವಿನಲ್ಲಿ ಇಟ್ಟಿದ್ದೆ. ಹೀಗೆ ಮಾಡಿದರೆ ಗಾಯ ಮಾಯುತ್ತದೆ ಎಂದುಕೊಂಡಿದ್ದೆವು. ನನಗೆ ಬೇಕಿದ್ದದ್ದು ಒಂದೇ, ಮಗಳು ಮತ್ತೆ ಮನುಷ್ಯರ ನಡುವೆ ಬರಬೇಕು. ಅದಕ್ಕಾಗಿ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಿದ್ದೆ.

ಮಂಡಿ ನೋವೆಂದು ಸುಮಿತ್ರಾ ಮಲಗಿದ್ದ ಒಂದು ಭಾನುವಾರ, ನಾನು ತರಕಾರಿಗೆ ಹೊರಟಾಗ ಮೇಘನಾ ಮೆಟ್ಟಿಲಿಳಿದು ಬಂದಳು. "ಐ'ಲ್ ಡ್ರೈವ್, ಅಪ್ಪಾ" ಎಂದು ಕೀ ತೆಗೆದುಕೊಂಡಳು. ಮಾತಾಡಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ನಾನು ದಾರಿಯುದ್ದಕ್ಕೂ ಉಸಿರು ಬಿಗಿಹಿಡಿದು ಕೂತೆ. ಅಂಗಡಿಯಲ್ಲಿ ಅವಳೇ ಹೀರೇಕಾಯಿ ಆರಿಸಿದಳು, ಕರಿಬೇವು ತೆಗೆದುಕೊಂಡಳು. ಬಿಲ್ಲಿನ ಸಾಲಿನಲ್ಲಿ ನಮ್ಮ ಮುಂದೆಯೇ ರಫೀಕ್. ಅವರು ಉಲ್ಟಾ ಚೀಲಕ್ಕೆ ತರಕಾರಿಯೆಲ್ಲ ತುಂಬಿ ಆಗಿತ್ತು. ಹಿಂದೆ ತಿರುಗಿ ಮೇಘನಾಳನ್ನು ಕಂಡವರೇ ಚೀಲವನ್ನು ತಬ್ಬಿಕೊಂಡು ನಿಂತರು.

"ಅಂಕಲ್, ನಿಮ್ಮ ಬ್ಯಾಗ್ ಇನ್‌ಸೈಡ್ ಔಟ್ ಇದೆ."

"ಒಗ್ದಿದ್ದೆ ಮಗಳೇ. ಹಂಗೇ ತಂದ್ಬಿಟ್ಟೆ."

ಮೇಘನಾ ಸುತ್ತ ನೋಡಿದಳು. ಪಕ್ಕದ ಸಾಲಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಆಂಟಿಯ ಕೈಯಲ್ಲಿ ಒಂದು. ಬಾಗಿಲ ಬಳಿ ಗಾಡಿಯಲ್ಲಿ ಇನ್ನೊಂದು. ಎರಡೂ ಉಲ್ಟಾ.

"ಎಲ್ಲರೂ ಇವತ್ತೇ ಒಗ್ದಿದ್ದಾರಾ ಅಂಕಲ್?"

ರಫೀಕ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮೇಘನಾ ಅವರ ತೋಳಿನಿಂದ ಚೀಲ ಬಿಡಿಸಿಕೊಂಡಳು. ಒಳಗಿದ್ದ ತರಕಾರಿಯನ್ನೆಲ್ಲ ಕೌಂಟರಿನ ಮೇಲೆ ಇಳಿಸಿ, ಚೀಲದೊಳಗೆ ಕೈ ಹಾಕಿ ತಿರುಗಿಸಿ, ಅಂಗೈಯಿಂದ ಉಜ್ಜಿ ಸುಕ್ಕು ತೆಗೆದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆ ಎರಡು ಹೆಸರನ್ನು ಮಾತ್ರ ಸುಹಾಸ್ ಕಲಿಸಿದ್ದನಂತೆ. ಅಕ್ಷರದ ಕೆಳಗೆ ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ಬಿಡಿಸಿ ಬಿಡಿಸಿ, ಎಲ್ಲರಿಗೂ ಕೇಳುವಂತೆ ಓದಿದಳು. "ಮೇ-ಘ-ನಾ. ಸು-ಹಾ-ಸ್."

ಬಿಲ್ಲು ಹಾಕುವ ಹುಡುಗಿ ಕೈ ನಿಲ್ಲಿಸಿದಳು.

"ಯಾರೂ ಅವನ ಹೆಸರೇ ಹೇಳಲ್ಲ ಅಂಕಲ್," ಎಂದಳು ಮೇಘನಾ. "ಮನೇಲೂ ಹೇಳಲ್ಲ. ಫೋಟೊನೂ ತೆಗ್ದಿದ್ದಾರೆ. ನಾನು ಹೇಳಿದ್ರೆ ಅಮ್ಮ ಅಪ್ಪ ಅಳ್ತಾರೆ ಅಂತ ನಾನೂ ಹೇಳಲ್ಲ. ಸಮ್‌ಟೈಮ್ಸ್ ಐ ಫೀಲ್ ಲೈಕ್ ಐ ಮೇಡ್ ಹಿಮ್ ಅಪ್. ಅವನು ಇರ್ಲೇ ಇಲ್ವೇನೋ ಅನ್ಸತ್ತೆ."

ಅವಳು ಅತ್ತಳು. ಅವನು ಹೋದ ಮೇಲೆ ನಾಲ್ಕು ಜನರ ಎದುರು ಅವಳು ಅತ್ತದ್ದು ಅಂದೇ. ರಫೀಕ್ ಅವಳ ತಲೆಯ ಮೇಲೆ ಕೈಯಿಟ್ಟು, "ಇದ್ದ ಮಗಳೇ, ಇದ್ದ. ಸುಹಾಸ್ ಇದ್ದ. ನನ್ನ ಕಾರು ಸ್ಟಾರ್ಟ್ ಆಗ್ದೇ ಇದ್ದಾಗ ರಾಬಿನ್ಸ್‌ವಿಲ್‌ನಿಂದ ಬಂದಿದ್ದ, ಗೊತ್ತಾ ನಿಂಗೆ?" ಎಂದರು. ಅವಳಿಗೆ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಪೂರ್ತಿ ಹೇಳಿ ಎಂದಳು. ರಫೀಕ್ ಹೇಳಿದರು, ಅವಳು ಕೇಳುತ್ತ ಕೇಳುತ್ತ ಆಲೂಗಡ್ಡೆ ಕೆಳಗೆ, ಟೊಮ್ಯಾಟೊ ಮೇಲೆ ಬರುವ ಹಾಗೆ ಅವರ ಚೀಲ ತುಂಬಿಕೊಟ್ಟಳು. ಅಷ್ಟರಲ್ಲಿ ಪಕ್ಕದ ಸಾಲಿನ ಆಂಟಿ ಮಾತಿಲ್ಲದೆ ಬಂದು ತಮ್ಮ ಚೀಲವನ್ನೂ ಅವಳ ಮುಂದಿಟ್ಟರು. ಮೇಘನಾ ಅದನ್ನೂ ತಿರುಗಿಸಿದಳು. ಸಾಲಿನಲ್ಲಿ ಹಿಂದಿದ್ದವರು ಯಾರೂ ಗಡಿಯಾರ ನೋಡಲಿಲ್ಲ.

ಅಂದು ಸಂಜೆ ಸುಮಿತ್ರಾ ಕುಂಟುತ್ತಲೇ ಅಡುಗೆ ಮಾಡಿದಳು. ನಾನು ಅವಳಿಗೆ ಎಲ್ಲವನ್ನೂ ಹೇಳಿದ್ದೆ. ಮೂವರೂ ಊಟಕ್ಕೆ ಕೂತೆವು. ನನ್ನ ಕೈ ಅಭ್ಯಾಸಬಲದಿಂದ ರಿಮೋಟಿನ ಕಡೆ ಹೋಯಿತು. ಸುಮಿತ್ರಾ ಅದನ್ನು ಎತ್ತಿ ತನ್ನ ತಟ್ಟೆಯ ಪಕ್ಕ ಇಟ್ಟುಕೊಂಡಳು. ಆಮೇಲೆ ಮಗಳ ತಟ್ಟೆಗೆ ಹೀರೇಕಾಯಿ ಪಲ್ಯ ಬಡಿಸುತ್ತ ಹೇಳಿಯೇಬಿಟ್ಟಳು.

"ಸುಹಾಸನಿಗೆ ನನ್ನ ಹೀರೇಕಾಯಿ ಪಲ್ಯ ಅಂದ್ರೆ ಎಷ್ಟು ಇಷ್ಟ ಇತ್ತು ಅಲ್ವಾ? ಬಂದಾಗೆಲ್ಲ ಎರಡು ಸಲ ಹಾಕಿಸ್ಕೊಳ್ತಿದ್ದ."

ಮೇಘನಾ ತಲೆಯೆತ್ತಿ ತಾಯಿಯನ್ನು ನೋಡಿದಳು.

"ಇಷ್ಟ ಇರ್ಲಿಲ್ಲ ಅಮ್ಮಾ. ಹಿ ಹೇಟೆಡ್ ಇಟ್. ನಿಂಗೆ ಬೇಜಾರಾಗತ್ತೆ ಅಂತ ತಿಂತಿದ್ದ. ಕಾರ್ ಹತ್ತಿದ ತಕ್ಷಣ ಪೆಪ್ಪರ್‌ಮಿಂಟ್ ಕೇಳ್ತಿದ್ದ."

ಸುಮಿತ್ರಾಳ ಕೈಯಲ್ಲಿ ಸೌಟು ಹಾಗೇ ನಿಂತಿತು. "ಅಯ್ಯೋ, ಕಳ್ಳ!" ಎಂದಳು. ನಗು ಬಂದುಬಿಟ್ಟಿತು ಅವಳಿಗೆ, ಮೇಘನಾಳಿಗೂ ಬಂತು, ನನಗೂ ಬಂತು. ನಕ್ಕೆವು, ತಡೆಯಲಾರದೆ ನಕ್ಕೆವು, ಹಾಗೇ ನಗುತ್ತ ನಗುತ್ತ ಮೂವರೂ ತಟ್ಟೆಯ ಮುಂದೆ ಜೋರಾಗಿ ಅತ್ತೆವು. ಪಲ್ಯ ಆರಿಹೋಯಿತು. ಮೇಘನಾ ಮುಖ ಒರೆಸಿಕೊಂಡು, "ಇನ್ನೂ ಇದೆ ಅಮ್ಮಾ, ಹೇಳ್ಲಾ?" ಎಂದಳು.

"ಹೇಳು ಕಂದಾ," ಎಂದಳು ಸುಮಿತ್ರಾ, "ಇನ್ನೇನೇನು ಸುಳ್ಳು ಹೇಳಿದ್ದಾನೆ, ಎಲ್ಲ ಹೇಳು."